ಜಾತ್ರೆಯ ಕೀರ್ದಿ ಪುಸ್ತಕ ಮತ್ತು ನಮ್ಮೂರಿನ ಇತಿಹಾಸ



ಜಾತ್ರೆಯ ಈ ಸ್ಮರಣ ಸಂಚಿಕೆಗೆ ಊರಿನ ಇತಿಹಾಸದ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಸಮಿತಿಯ ಹಿರಿಯರು ಅಪ್ಪಣೆ ಮಾಡಿದರು. ನಾನು ಪಂಡಿತನಲ್ಲ, ಹತ್ತನೆಯ ಇಯತ್ತೆ ಮುಗಿಸಿ ತಕ್ಕಡಿ ಹಿಡಿದವನು. ಆದರೂ ದೇವಸ್ಥಾನದ ವಿಶ್ವಸ್ತನೆಂಬ ನಾತೆಯಿಂದ, ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡು ಮುಂದೆ ಹೋಗುತ್ತೇನೆ.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದ ಮೇಲೆ ಸಿಕ್ಕ ಹಳೆಯ ಚೋಪಡಿಗಳನ್ನು ಒಬ್ಬರು ರದ್ದಿಯೆಂದು ನಮ್ಮ ಅಂಗಡಿಗೆ ತೂಕಕ್ಕೆ ಹಾಕಿದರು. ನಾನು ಹಾಳೆ ಹರಿದು ಸಕ್ಕರೆ, ಜೀರಿಗೆ, ಚಹಾಪುಡಿಯ ಪುಡಿಕೆ ಕಟ್ಟಿದೆ. ಕೊನೆಗೆ ಅರ್ಧ ಹಾಳೆ ಉಳಿದಾಗ ಕಣ್ಣಿಗೆ ಬಿತ್ತು: ಅದು ಹಿಂದಿನ ಜಾತ್ರೆಯ ಕೀರ್ದಿ ಪುಸ್ತಕ! ಯಾರ ಮನೆಯಿಂದ ಜೋಳ ಎಷ್ಟು, ಎಣ್ಣೆ ಎಷ್ಟು ಎಂಬ ಲೆಕ್ಕ. ಆ ಅರ್ಧ ಹಾಳೆಯನ್ನು ಗಲ್ಲೆಯಲ್ಲಿ ಇಟ್ಟುಕೊಂಡೆ. ಮಿಕ್ಕದ್ದೆಲ್ಲ ಊರವರ ಒಲೆ ಸೇರಿತ್ತು.

ನಮ್ಮ ಜತ್ತ ಸೀಮೆಯ ಇತಿಹಾಸ ಒಂದೇ ಕಡೆ ಸಿಗುವಂಥದಲ್ಲ. ಡಫಳೆ ಮನೆತನದ ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1960ರಲ್ಲಿ ಮಹಾರಾಷ್ಟ್ರ ರಾಜ್ಯವಾಯಿತು. ಹಳೆಯ ಕಾಗದಗಳಲ್ಲಿ ಕೆಲವು ಮೋಡಿ ಲಿಪಿಯಲ್ಲಿ, ಕೆಲವು ಕನ್ನಡದಲ್ಲಿ. ಮೋಡಿ ಓದಬಲ್ಲವರು ಇಂದು ವಿರಳ. ಸರಕಾರಿ ದಫ್ತರ ಎಲ್ಲಿಯೇ ಇರಲಿ, ಭಜನೆ, ಪಲ್ಲಕ್ಕಿ, ಸೇವೆಗಳ ನೆನಪು ಮಾತ್ರ ನಮ್ಮ ನಮ್ಮ ಪೆಟ್ಟಿಗೆಗಳಲ್ಲಿಯೇ ಇದೆ.

ಮನೆಯ ಪೆಟ್ಟಿಗೆಯಿಂದ ಎಂಥ ನಿಧಿ ಹೊರಬರಬಹುದು ಎಂಬುದಕ್ಕೆ ನೆರೆಯ ವಿಜಯಪುರದ ಡಾ. ಫ. ಗು. ಹಳಕಟ್ಟಿಯವರೇ ಸಾಕ್ಷಿ. ವಕೀಲರಾಗಿದ್ದ ಅವರು ಮನೆ-ಮಠಗಳನ್ನು ಸುತ್ತಿ, ದೇವರ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ತಾಡೋಲೆ ಕಟ್ಟುಗಳನ್ನು ಬಿಚ್ಚಿ ಓದಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂತು. 1925ರಲ್ಲಿ ಸ್ವಂತ ಮುದ್ರಣಾಲಯ ಹಾಕಿದರು. ಅದಕ್ಕಾಗಿ ಇದ್ದ ಮನೆಯನ್ನೂ ಮಾರಿದರು. 1964ರಲ್ಲಿ ಅವರು ಲಿಂಗೈಕ್ಯರಾದರು. 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದಿತು. ಈಗ ‘ವಚನ ಸಂಚಯ’ ಎಂಬ ಅಂತರ್ಜಾಲ ತಾಣದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳಿವೆ. ಒಂದು ಶಬ್ದ ಒತ್ತಿದರೆ ಸಾಕು, ಅದು ಯಾವ ಯಾವ ಶರಣರ ವಚನದಲ್ಲಿ ಬಂದಿದೆ ಎಂದು ಕ್ಷಣದಲ್ಲಿ ತೋರಿಸುತ್ತದೆ. ಆದರೆ ಅಂದು ಆ ಮನೆಯವರು ಓಲೆಗಳನ್ನು ಹೊರಗೆ ತೆಗೆಯದಿದ್ದರೆ ಇಂದು ಯಂತ್ರ ಹುಡುಕುವುದಾದರೂ ಏನನ್ನು?

ಕಲ್ಲಿನ ಮಾತೂ ಹಾಗೆಯೇ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಆ ಭಾಗದ ಶಾಸನಗಳನ್ನು ಯಂತ್ರದಿಂದ ಮೂರು ಆಯಾಮಗಳಲ್ಲಿ ಪಡಿಯಚ್ಚು ತೆಗೆಯುತ್ತಿದ್ದಾರೆ. ಸವೆದ ಅಕ್ಷರದ ತಗ್ಗು-ಉಬ್ಬು ಪರದೆಯ ಮೇಲೆ ಕಾಣುತ್ತದೆ. ಕಲ್ಲು ಎಲ್ಲಿದೆ ಎಂದು ತೋರಿಸುವವರು ಮಾತ್ರ ಆಯಾ ಊರಿನವರೇ.

ಕಳೆದ ವರ್ಷ ನಮ್ಮ ಓಣಿಯ ಕಾಲೇಜು ಹುಡುಗನೊಬ್ಬ ನನ್ನ ಗಲ್ಲೆಯ ಆ ಅರ್ಧ ಹಾಳೆಯ ಫೋಟೋ ತೆಗೆದ. ಮಸಿ ಮಾಸಿತ್ತು. ಮೊಬೈಲಿನಲ್ಲಿ ಅಕ್ಷರ ಕಪ್ಪಾಗುವಂತೆ ಮಾಡಿ, ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ. ಮರುದಿನ ಹಿರಿಯ ತಾಯಿಯೊಬ್ಬರು ಮೊಮ್ಮಗನ ಕೈ ಹಿಡಿದು ಅಂಗಡಿಗೆ ಬಂದರು. “ತಮ್ಮಾ, ಇದು ನಮ್ಮ ಮಾವನೋರ ಅಕ್ಷರ. ಪಲ್ಲಕ್ಕಿ ರಾತ್ರಿ ಎಣ್ಣಿ ಸೇವಾ ನಮ್ಮ ಮನಿದು ಅಂತ ಕೇಳಿದ್ದೆ. ಕಾಗದದಾಗ ಇವತ್ತ ನೋಡಿದೆ” ಎಂದರು. ನಿಂತುಹೋಗಿದ್ದ ಆ ಸೇವೆ ಈ ಜಾತ್ರೆಯಿಂದ ಮತ್ತೆ ನಡೆಯಲಿದೆ. ಅವರ ಹೆಸರಿನ ಕೆಳಗಿದ್ದ ಮನೆತನಗಳ ಹೆಸರುಗಳನ್ನು ಹರಿದದ್ದು ನನ್ನ ಕೈ. ಅವನ್ನು ಯಾವ ಯಂತ್ರವೂ ತಂದುಕೊಡಲಾರದು.

ಆದಕಾರಣ ಭಕ್ತರಲ್ಲಿ ನಮ್ರ ವಿನಂತಿ. ಜಾತ್ರೆಯ ದಿನಗಳಲ್ಲಿ ಹಳೆಯ ಚೋಪಡಿ, ಪತ್ರ, ಫೋಟೋ, ಭಜನೆಯ ವಹಿ ಏನಿದ್ದರೂ ದೇವಸ್ಥಾನಕ್ಕೆ ತನ್ನಿರಿ. ನಿಮ್ಮ ಎದುರಿಗೇ ಫೋಟೋ ತೆಗೆದು, ಮೂಲವನ್ನು ನಿಮ್ಮ ಕೈಗೇ ಮರಳಿ ಕೊಡುತ್ತೇವೆ. ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚಬೇಡಿರಿ. ಕೆಲವು ವರ್ಷಕ್ಕೆ ಅದೇ ಕಾಗದವನ್ನು ಕೆಡಿಸುತ್ತದೆ. ಮನೆಯಲ್ಲಿಯೇ ಫೋಟೋ ತೆಗೆದರೆ ಹಗಲು ಬೆಳಕಿನಲ್ಲಿ, ನೆರಳು ಬೀಳದಂತೆ ತೆಗೆಯಿರಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಸ್ಪಷ್ಟತೆ ಕುಂದುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿರಿ. ಯಾರ ಮನೆಯದು, ಚಿತ್ರದಲ್ಲಿ ಯಾರಿದ್ದಾರೆ ಎಂದು ಬರೆಯಲು ಮರೆಯಬೇಡಿರಿ. ಹೆಸರಿಲ್ಲದ ಚಿತ್ರ ಮುಂದಿನವರಿಗೆ ಗುರುತಿಲ್ಲದ ಮುಖವಷ್ಟೇ. ಹೊಲ-ಮನೆಯ ಕಾಗದ, ಸಾಲದ ಪತ್ರಗಳನ್ನು ಮಾತ್ರ ಗುಂಪಿಗೆ ಹಾಕಬಾರದು. ಕಾಗದವಿಲ್ಲದ ಹಿರಿಯರು ಬಂದು ಮಾತಾಡಿದರೂ ಸಾಕು, ಧ್ವನಿಮುದ್ರಣ ಮಾಡಿಕೊಳ್ಳುತ್ತೇವೆ.

ನನ್ನ ಅಂಗಡಿಗೆ ಈಗಲೂ ರದ್ದಿ ಬರುತ್ತದೆ. ಪ್ರತಿ ಹಾಳೆ ತಿರುವಿ ನೋಡಿಯೇ ತಕ್ಕಡಿಗೆ ಹಾಕುತ್ತೇನೆ. ತಾವೂ ಅಟ್ಟ ಸ್ವಚ್ಛ ಮಾಡುವ ಮುನ್ನ ಒಮ್ಮೆ ತಿರುವಿ ನೋಡಿರೆಂದು ಕೈಮುಗಿದು ಕೇಳಿಕೊಂಡು, ಶ್ರೀ ದೇವರು ಸಕಲರಿಗೂ ಸನ್ಮಂಗಳ ಉಂಟುಮಾಡಲೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.