ಕನ್ನಡಿಯ ಮುಂದಿನ ಹೊತ್ತು

ಗುರಿಯನ್ನು ಮೊದಲು ಮನಸ್ಸಿನಲ್ಲಿ ಚಿತ್ರದಂತೆ ಕಾಣಬೇಕು ಎಂದು ವ್ಯಕ್ತಿತ್ವ ವಿಕಸನದ ಪುಸ್ತಕಗಳು ಹೇಳುತ್ತವೆ. ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಯಕ್ಷಗಾನ ವೇಷಧಾರಿಗಳಿಗೆ ಇದು ಹೊಸ ಮಾತಲ್ಲ. ಚೌಕಿಯಲ್ಲಿ ಕಲಾವಿದ ಕನ್ನಡಿ ಎದುರಿಟ್ಟುಕೊಂಡು ತನ್ನ ಮುಖಕ್ಕೆ ತಾನೇ ಬಣ್ಣ ಬರೆದುಕೊಳ್ಳುತ್ತಾನೆ. ತನ್ನ ಮುಖ ಮರೆಯಾಗಿ ಕೀಚಕನೋ ಕೌರವನೋ ಮೂಡುವವರೆಗೂ ಅವನ ಕಣ್ಣು ಆ ಪಾತ್ರದ ಮೇಲೆಯೇ.

ಇದು ಬರಿಯ ಭಾವುಕತೆಯಲ್ಲ. ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯ. ಅದು ಭಾಗವತರ ಪಾಲು. ಮಾತನ್ನು ವೇಷಧಾರಿಯೇ ರಂಗದ ಮೇಲೆ ಕಟ್ಟಬೇಕು. ಎದುರು ವೇಷ ಏನು ಕೇಳೀತೋ ಯಾರಿಗೆ ಗೊತ್ತು! ಪಾತ್ರ ಮನಸ್ಸಿನಲ್ಲಿ ನಿಂತಿರದಿದ್ದರೆ ಬಾಯಿ ಕಟ್ಟುತ್ತದೆ.

1934ರಲ್ಲಿ ಕೆರೆಮನೆ ಶಿವರಾಮ ಹೆಗಡೆ ಇಡಗುಂಜಿ ಮೇಳ ಕಟ್ಟಿದರು. ಅವರ ಮಗ ಶಂಭು ಹೆಗಡೆ ಪಾತ್ರದ ಒಳಮನಸ್ಸನ್ನು ಶೋಧಿಸುವ ಅಭಿನಯಕ್ಕೆ ಹೆಸರಾದರು. ಹೊನ್ನಾವರದವರೇ ಆದ ಚಿಟ್ಟಾಣಿ ರಾಮಚಂದ್ರ ಹೆಗಡೆ ಓದಿದ್ದು ಎರಡನೇ ತರಗತಿ. ಅವರ ಬಲ ಮಾತಿಗಿಂತ ಕುಣಿತದಲ್ಲಿ, ಕಣ್ಣಿನಲ್ಲಿ. ಭಸ್ಮಾಸುರನನ್ನು ಅವರು ಪುಸ್ತಕದಲ್ಲಿ ಕಂಡದ್ದಕ್ಕಿಂತ ಒಳಗೆ ಕಂಡದ್ದೇ ಹೆಚ್ಚಿರಬೇಕು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಈಗ ಇಡೀ ರಾತ್ರಿಯ ಆಟಗಳ ಜಾಗದಲ್ಲಿ ಮೂರು ತಾಸಿನ ಕಾಲಮಿತಿಯ ಆಟಗಳು ಹೆಚ್ಚಾಗಿವೆ. ಒಂದೇ ದಿನ ಎರಡು ಊರಲ್ಲಿ ವೇಷ ಮಾಡುವವರೂ ಉಂಟು. ಬಣ್ಣವನ್ನೇನೋ ಬೇಗ ಹಚ್ಚಿಕೊಳ್ಳಬಹುದು; ಕೀಚಕ ಅಷ್ಟು ಬೇಗ ಬರುವವನಲ್ಲ.