ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್: ಮಲೆನಾಡಿನ ದಿನಬಳಕೆ ಮತ್ತು ಅಪರೂಪದ ಟ್ರ್ಯಾಕ್ ಓಟಕ್ಕೆ ಆಯ್ಕೆ

ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಎಂಬುದು ಒಂದೇ ಆಕ್ಸಲಿನ ಎರಡು ಚಕ್ರಗಳು ತಿರುವಿನಲ್ಲಿ ಬೇರೆ ಬೇರೆ ವೇಗದಲ್ಲಿ ಉರುಳಲು ಬಿಡುವ, ಆದರೆ ಒಂದು ಚಕ್ರ ಹಿಡಿತ ತಪ್ಪಿ ಸುಮ್ಮನೆ ಸುತ್ತತೊಡಗಿದಾಗ ಅದಕ್ಕೆ ಕಡಿವಾಣ ಹಾಕುವ ಗೇರು ವ್ಯವಸ್ಥೆ. ರೂಢಿಯ ಹೆಸರು ಎಲ್‌ಎಸ್‌ಡಿ. ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿಗೆ ಹೋಗುವ ದಾರಿಯಲ್ಲಿರುವ ಆಲ್ದೂರು ಮತ್ತು ಅದರ ಸುತ್ತಲಿನ ಮೂಡಿಗೆರೆ, ಕಳಸದ ಕಾಫಿಸೀಮೆಯಲ್ಲಿ ಇದರ ಅಗತ್ಯ ಎರಡು ಬಗೆಯದು. ಮಳೆಗಾಲದಲ್ಲಿ ತೋಟದ ಏರು ಹತ್ತಬೇಕಾದ ಜೀಪು, ಪಿಕಪ್‌ಗಳದು ಒಂದು. ವಾರವೆಲ್ಲ ಪೇಟೆಗೂ ಶಾಲೆಗೂ ಓಡಾಡಿ, ಆಗೊಮ್ಮೆ ಈಗೊಮ್ಮೆ ಆಟೋಕ್ರಾಸ್‌ಗೋ ಕೊಯಮತ್ತೂರಿನ ಟ್ರ್ಯಾಕಿಗೋ ಹೋಗುವ ಕಾರುಗಳದು ಇನ್ನೊಂದು. ಒಂದಕ್ಕೆ ಒಪ್ಪುವ ಎಲ್‌ಎಸ್‌ಡಿ ಇನ್ನೊಂದಕ್ಕೆ ಹೆಚ್ಚಾಗಿ ಒಪ್ಪುವುದಿಲ್ಲ.

ಕೆಲಸದ ಬಗೆ

ಕಾರು ತಿರುವಿನಲ್ಲಿ ಸಾಗುವಾಗ ಹೊರಬದಿಯ ಚಕ್ರ ಒಳಬದಿಯ ಚಕ್ರಕ್ಕಿಂತ ಹೆಚ್ಚು ದೂರ ಕ್ರಮಿಸಬೇಕು. ಎರಡನ್ನೂ ಒಂದೇ ಸರಳಿಗೆ ಬಿಗಿದರೆ ಟೈರು ಉಜ್ಜುತ್ತದೆ, ಸ್ಟಿಯರಿಂಗ್ ಬಿಗಿಯಾಗುತ್ತದೆ. ಇದಕ್ಕೆ ಪರಿಹಾರವಾದ ಡಿಫರೆನ್ಷಿಯಲ್ಲನ್ನು ಫ್ರಾನ್ಸಿನ ಒನೆಸಿಫೋರ್ ಪೆಕ್ಕರ್ 1827ರ ಸುಮಾರಿಗೆ ಉಗಿಬಂಡಿಗಾಗಿ ರೂಪಿಸಿದರು. ಈಗಲೂ ಬಹುಪಾಲು ಕಾರುಗಳಲ್ಲಿರುವುದು ಅದೇ ತತ್ವದ ಸಾದಾ, ಅಂದರೆ ಓಪನ್ ಡಿಫರೆನ್ಷಿಯಲ್.

ಓಪನ್ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಸದಾ ಸಮಾನ ಟಾರ್ಕ್ ಹಂಚುತ್ತದೆ. ಈ ಸಮಾನತೆಯೇ ತೊಡಕು. ಎಡಚಕ್ರ ಕೆಸರಿನಲ್ಲಿದ್ದು 200 ನ್ಯೂಟನ್ ಮೀಟರ್‌ಗಿಂತ ಹೆಚ್ಚು ತಡೆದುಕೊಳ್ಳಲಾರದಾದರೆ, ಗಟ್ಟಿ ನೆಲದ ಮೇಲಿರುವ ಬಲಚಕ್ರಕ್ಕೂ 200 ಮಾತ್ರ ಸಿಗುತ್ತದೆ, ಒಟ್ಟು 400. ಎಂಜಿನ್ ಎಷ್ಟು ಬಲಶಾಲಿಯಾದರೂ ಅದಕ್ಕಿಂತ ಹೆಚ್ಚು ನೆಲಕ್ಕೆ ತಲುಪುವುದಿಲ್ಲ.

ಎಲ್‌ಎಸ್‌ಡಿ ಈ ಸಮಾನತೆಯನ್ನು ಮುರಿಯುತ್ತದೆ. ಹಿಡಿತವಿರುವ ಚಕ್ರಕ್ಕೆ ಇನ್ನೊಂದರ ಎಷ್ಟು ಪಟ್ಟು ಟಾರ್ಕ್ ಕಳಿಸಬಲ್ಲದು ಎಂಬುದೇ ಟಾರ್ಕ್ ಬಯಾಸ್ ಅನುಪಾತ. ಅನುಪಾತ 2.5 ಇದ್ದರೆ ಮೇಲಿನ ಉದಾಹರಣೆಯಲ್ಲಿ ಬಲಚಕ್ರಕ್ಕೆ 500, ಒಟ್ಟು 700. ಕೊಳ್ಳುವವರು ಬ್ರಾಂಡಿನ ಹೆಸರಿಗಿಂತ ಮೊದಲು ಕೇಳಬೇಕಾದದ್ದು ಈ ಅನುಪಾತವನ್ನು, ಅದರ ಜೊತೆಗೆ ಪ್ರೀಲೋಡನ್ನು: ಎಂಜಿನ್ ಎಳೆಯದೆ ಇರುವಾಗಲೂ ಎರಡು ಚಕ್ರಗಳನ್ನು ಒಂದಕ್ಕೊಂದು ಹಿಡಿದಿಡುವ ಬಿಗಿ.

ಬಗೆಗಳು

ಕ್ಲಚ್ ಪ್ಲೇಟ್ ಬಗೆಯಲ್ಲಿ ಘರ್ಷಣೆಯ ಪ್ಲೇಟುಗಳೂ ಉಕ್ಕಿನ ಪ್ಲೇಟುಗಳೂ ಒಂದರ ಪಕ್ಕ ಒಂದು ಕೂತಿರುತ್ತವೆ. ಎಂಜಿನ್ ಎಳೆದಾಗ ನಡುವಿನ ಅಡ್ಡ ಪಿನ್ನು ಇಳಿಜಾರಾಗಿ ಕೊರೆದ ರಾಂಪ್‌ಗಳ ಮೇಲೆ ಹತ್ತಿ, ಒತ್ತುವ ಉಂಗುರಗಳನ್ನು ಹೊರಕ್ಕೆ ತಳ್ಳಿ ಪ್ಲೇಟುಗಳನ್ನು ಬಿಗಿಯುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬಿಗಿಯುವುದು ಒನ್-ವೇ. ಆಕ್ಸಿಲರೇಟರ್ ಬಿಟ್ಟಾಗಲೂ ಅಷ್ಟೇ ಬಿಗಿಯುವುದು ಟೂ-ವೇ, ಬಿಟ್ಟಾಗ ಕಡಿಮೆ ಬಿಗಿಯುವುದು ಒಂದೂವರೆ-ವೇ. ರಾಂಪಿನ ಕೋನ, ಪ್ಲೇಟುಗಳ ಸಂಖ್ಯೆ, ಪ್ರೀಲೋಡ್ ಎಲ್ಲವನ್ನೂ ಬದಲಿಸಿಕೊಳ್ಳಬಹುದಾದ್ದರಿಂದ ರ್‍ಯಾಲಿ ತಂಡಗಳಿಗೆ ಇದು ಅಚ್ಚುಮೆಚ್ಚು. ಪ್ಲೇಟು ಸವೆಯುತ್ತದೆ, ನಿಧಾನ ತಿರುವಿನಲ್ಲಿ ಕಟಕಟ ಸದ್ದು ಮಾಡುತ್ತದೆ, ವಿಶೇಷ ಆಯಿಲ್ ಕೇಳುತ್ತದೆ.

ಹೆಲಿಕಲ್ ಗೇರ್ ಬಗೆಯಲ್ಲಿ ಪ್ಲೇಟುಗಳೇ ಇಲ್ಲ. ಓರೆ ಹಲ್ಲಿನ ಗೇರುಗಳು ಹೊರೆ ಬಿದ್ದಾಗ ಹೌಸಿಂಗಿನ ಗೋಡೆಗೆ ಒತ್ತಿಕೊಂಡು ತಾವೇ ಘರ್ಷಣೆ ಹುಟ್ಟಿಸುತ್ತವೆ. ಇಂಗ್ಲೆಂಡಿನ ಕ್ವೈಫ್ ಕಂಪನಿಯ ಎಟಿಬಿ ಈ ವರ್ಗದ್ದು. ಅಮೆರಿಕದ ವರ್ನನ್ ಗ್ಲೀಸ್‌ಮನ್ 1958ರಲ್ಲಿ ರೂಪಿಸಿದ ವಿನ್ಯಾಸದಿಂದ ಬೆಳೆದ ಟಾರ್ಸೆನ್ ಇದರ ಹತ್ತಿರದ ಬಂಧು. ಸದ್ದಿಲ್ಲ, ಸವೆತ ತೀರ ಕಡಿಮೆ, ಮಾಮೂಲಿ ಗೇರ್ ಆಯಿಲ್ ಸಾಕು. ಇದರ ದೊಡ್ಡ ಮಿತಿ ಒಂದೇ. ಇದು ಗುಣಿಸುವ ಯಂತ್ರ. ಒಂದು ಚಕ್ರ ಗಾಳಿಯಲ್ಲಿ ತೂಗಿದಾಗ ಗುಣಿಸಲು ಸಿಗುವುದು ಸೊನ್ನೆ.

ವಿಸ್ಕಸ್ ಬಗೆ, ಅಂದರೆ ಸಿಲಿಕೋನ್ ದ್ರವದಲ್ಲಿ ಮುಳುಗಿದ ತೂತಿನ ಪ್ಲೇಟುಗಳದ್ದು, ಬಿಗಿಯಲು ತಡ ಮಾಡುತ್ತದೆ, ಕಾವಿಗೆ ಬೇಗ ಸೊರಗುತ್ತದೆ. ಹೊಸದಾಗಿ ಹಾಕಿಸುವವರು ಇದನ್ನು ಪರಿಗಣಿಸಬೇಕಾಗಿಲ್ಲ.

ಭಾರತದಲ್ಲಿ ಇಂದು ಹೆಚ್ಚು ಕಾಣುವುದು ಬ್ರೇಕ್ ಆಧಾರಿತ ವ್ಯವಸ್ಥೆ: ಸುತ್ತುವ ಚಕ್ರಕ್ಕೆ ಕಂಪ್ಯೂಟರು ಬ್ರೇಕ್ ಹಾಕಿ, ಆ ಪ್ರತಿರೋಧದ ಮೂಲಕ ಇನ್ನೊಂದು ಚಕ್ರಕ್ಕೆ ಟಾರ್ಕ್ ದಾಟಿಸುತ್ತದೆ. 2023ರಲ್ಲಿ ಬಂದ ಮಾರುತಿ ಸುಜುಕಿ ಜಿಮ್ನಿಯಲ್ಲಿ ಬ್ರೇಕ್ ಎಲ್‌ಎಸ್‌ಡಿ ಎಂದು ಹೆಸರಿಸಿರುವುದು ಇದನ್ನೇ. ಒಳಗಿರುವುದು ಓಪನ್ ಡಿಫರೆನ್ಷಿಯಲ್ಲೇ. ಮಹೀಂದ್ರ ಥಾರ್‌ನ ಕೆಲವು ಮಾದರಿಗಳಲ್ಲಿ ಹಿಂದಿನ ಆಕ್ಸಲಿಗೆ ಕೊಡುವ ಈಟನ್ ಕಂಪನಿಯ ಯಾಂತ್ರಿಕ ಲಾಕರ್ ಬೇರೆಯದೇ ಜಾತಿ. ಚಕ್ರಗಳ ವೇಗದ ಅಂತರ ಹೆಚ್ಚಾದೊಡನೆ ಅದು ತಾನಾಗಿಯೇ ಪೂರ್ತಿ ಕಚ್ಚಿಕೊಳ್ಳುತ್ತದೆ, ವೇಗ ಏರಿದ ಮೇಲೆ ಕಚ್ಚುವುದಿಲ್ಲ. ತೋಟದ ಕೆಲಸಕ್ಕೆ ಸೊಗಸು, ಟ್ರ್ಯಾಕಿಗೆ ಸಂಬಂಧವಿಲ್ಲ.

ಆಲ್ದೂರಿನ ರಸ್ತೆಯಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಭಾಗದ ಡಾಂಬರು ಒಣಗುವುದೇ ಅಪರೂಪ. ಮರಗಳ ನೆರಳು ಬಿದ್ದ ಕಡೆ ಅಂಚಿನಲ್ಲಿ ಪಾಚಿ ಕಟ್ಟುತ್ತದೆ, ಸಿಲ್ವರ್ ಓಕಿನ ಎಲೆ ಹಾಸಿರುತ್ತದೆ, ತೋಟದ ಗೇಟಿನಿಂದ ಹೊರಬರುವ ಟ್ರ್ಯಾಕ್ಟರು ಟೈರಿನ ಕೆಮ್ಮಣ್ಣನ್ನು ತಿರುವಿನಲ್ಲೇ ಉದುರಿಸಿ ಹೋಗಿರುತ್ತದೆ. ಕಾರಿನ ಎರಡು ಬದಿಯ ಚಕ್ರಗಳಿಗೆ ಎರಡು ಬಗೆಯ ಹಿಡಿತ ಸಿಗುವುದು ಇಲ್ಲಿ ನಿತ್ಯದ ಸಂಗತಿ. ಮುಂಚಕ್ರ ಎಳೆತದ ಹ್ಯಾಚ್‌ಬ್ಯಾಕ್ ಹೇರ್‌ಪಿನ್ನಿನಲ್ಲಿ ಏರುವಾಗ ಒಳಚಕ್ರ ಹಗುರಾಗಿ ಸುತ್ತುವುದನ್ನು ಇಲ್ಲಿ ಓಡಿಸುವವರೆಲ್ಲ ಬಲ್ಲರು. ಇಂಥ ಕಾರಿಗೆ ಹೆಲಿಕಲ್ ಎಲ್‌ಎಸ್‌ಡಿಯೇ ಸರಿಯಾದ ಆಯ್ಕೆ. ಚಕ್ರ ನೆಲ ಬಿಡುವುದಿಲ್ಲವಾದ್ದರಿಂದ ಅದರ ಮುಖ್ಯ ಮಿತಿ ಅಡ್ಡ ಬರುವುದಿಲ್ಲ; ಆಕ್ಸಿಲರೇಟರ್ ಬಿಟ್ಟು ತಿರುವಿಗೆ ಇಳಿಯುವಾಗ ಸ್ಟಿಯರಿಂಗನ್ನು ಗಟ್ಟಿಯಾಗಿ ನೇರಕ್ಕೆ ಎಳೆಯುವುದೂ ಇಲ್ಲ. ಬಿಗಿಯಾದ ಟೂ-ವೇ ಪ್ಲೇಟ್ ಎಲ್‌ಎಸ್‌ಡಿ ಮುಂಚಕ್ರ ಎಳೆತದ ಕಾರಿನಲ್ಲಿ ಅದನ್ನೇ ಮಾಡುತ್ತದೆ. ಎದುರಿನಿಂದ ಬಸ್ಸು ಬರುತ್ತಿರುವ ಕಿರಿದಾದ ಘಟ್ಟದ ತಿರುವಿನಲ್ಲಿ ಮೂತಿ ಹೊರಕ್ಕೆ ಜಾರುವ ಕಾರು ಯಾರಿಗೂ ಬೇಡ.

ಹಿಂಚಕ್ರ ಎಳೆತದ ವಾಹನಕ್ಕೆ ಎಚ್ಚರಿಕೆಯ ಮಾತೊಂದಿದೆ. ಓಪನ್ ಡಿಫರೆನ್ಷಿಯಲ್ಲಿನಲ್ಲಿ ಒಂದು ಹಿಂಚಕ್ರ ಸುತ್ತಿದರೂ ಇನ್ನೊಂದು ಸುಮ್ಮನಿದ್ದು ವಾಹನದ ಬಾಲವನ್ನು ಅಡ್ಡ ಜಾರದಂತೆ ಹಿಡಿದಿರುತ್ತದೆ. ಬಿಗಿಯಾದ ಎಲ್‌ಎಸ್‌ಡಿ ಎರಡನ್ನೂ ಒಟ್ಟಿಗೆ ಸುತ್ತಿಸಬಲ್ಲದು. ಆಗ ಬಾಲವೇ ಹೊರಬೀಳುತ್ತದೆ. ಚಾರ್ಮಾಡಿಯಂಥ ಘಟ್ಟದಲ್ಲಿ ಮಳೆಯ ನಡುವೆ ಇದು ಅಪಾಯಕಾರಿ. ಎಲ್‌ಎಸ್‌ಡಿ ಮುಂದಕ್ಕೆ ಎಳೆಯುವ ಶಕ್ತಿಯನ್ನು ಹೆಚ್ಚಿಸುತ್ತದೆಯೇ ಹೊರತು ಬ್ರೇಕ್ ಹಿಡಿತವನ್ನಾಗಲಿ, ತಿರುವಿನಲ್ಲಿ ಟೈರಿನ ಒಟ್ಟು ಹಿಡಿತವನ್ನಾಗಲಿ ಹೆಚ್ಚಿಸುವುದಿಲ್ಲ. ಆದ್ದರಿಂದ ಸವೆದ ಟೈರುಗಳನ್ನು ಇಟ್ಟುಕೊಂಡು ಡಿಫರೆನ್ಷಿಯಲ್ಲಿಗೆ ಹಣ ಸುರಿಯುವುದು ತಲೆಕೆಳಗಾದ ಕ್ರಮ. ಮೊದಲು ಒಳ್ಳೆಯ ಟೈರು, ಆಮೇಲೆ ಬ್ರೇಕ್ ಪ್ಯಾಡು ಮತ್ತು ಬ್ರೇಕ್ ಆಯಿಲ್, ಅನಂತರವೇ ಇದು.

ಎಸ್ಟೇಟ್ ರಸ್ತೆಯ ಲೆಕ್ಕ ಪೂರ್ತಿ ಬೇರೆ. ಮಳೆನೀರು ಕೊರೆದ ಓಣಿಯಲ್ಲಿ ಜೀಪಿನ ಚಕ್ರ ಕರ್ಣರೇಖೆಯಲ್ಲಿ ಮೇಲೇಳುತ್ತದೆ, ಹೆಲಿಕಲ್ ಕೈಚೆಲ್ಲುವುದು ಅಲ್ಲಿಯೇ. ಎಡಗಾಲಿನಿಂದ ಬ್ರೇಕನ್ನು ಮೆಲ್ಲಗೆ ಒತ್ತಿದರೆ ಗುಣಿಸಲು ಅದಕ್ಕೆ ಏನಾದರೂ ಸಿಗುತ್ತದೆ: ಪ್ರತಿ ಚಕ್ರಕ್ಕೆ 100 ನ್ಯೂಟನ್ ಮೀಟರ್ ಬ್ರೇಕ್ ಬಿದ್ದರೆ, 2.5 ಅನುಪಾತದ ಹೆಲಿಕಲ್ ನೆಲದ ಮೇಲಿನ ಚಕ್ರಕ್ಕೆ 250 ಕೊಟ್ಟು, ಬ್ರೇಕಿನ 100 ಕಳೆದು 150 ಉಳಿಸುತ್ತದೆ. ಈ ಉಪಾಯ ಗೊತ್ತಿರಬೇಕಾದದ್ದೇ. ಆದರೆ ದಿನವೂ ಕಾಫಿ ಮೂಟೆ ಹೊತ್ತು ಏರು ಹತ್ತುವ ವಾಹನ ಉಪಾಯವನ್ನು ನಂಬಿ ಬದುಕಲಾಗದು. ಅದಕ್ಕೆ ಲಾಕರ್ ಅಥವಾ ಸಾಕಷ್ಟು ಪ್ರೀಲೋಡ್ ಇರುವ ಪ್ಲೇಟ್ ಬಗೆ ಬೇಕು. ಪ್ರೀಲೋಡ್ 80 ನ್ಯೂಟನ್ ಮೀಟರ್ ಇದ್ದರೆ ಒಂದು ಚಕ್ರ ಗಾಳಿಯಲ್ಲಿದ್ದರೂ ಇನ್ನೊಂದಕ್ಕೆ ಮೊದಲಿಗೆ ಅಷ್ಟು ಸಿಗುತ್ತದೆ. ಆ ಎಳೆತದಿಂದಲೇ ರಾಂಪು ಮತ್ತಷ್ಟು ಬಿಗಿಯುತ್ತದೆ.

ರ್‍ಯಾಲಿ ಮತ್ತು ಟ್ರ್ಯಾಕ್

ಚಿಕ್ಕಮಗಳೂರು ಜಿಲ್ಲೆ ದೇಶದ ರ್‍ಯಾಲಿ ನಕ್ಷೆಯಲ್ಲಿ ದೊಡ್ಡ ಹೆಸರು. ಭಾರತೀಯ ರಾಷ್ಟ್ರೀಯ ರ್‍ಯಾಲಿ ಚಾಂಪಿಯನ್‌ಷಿಪ್ಪಿನ ಸುತ್ತುಗಳು ಇಲ್ಲಿನ ಕಾಫಿ ತೋಟಗಳ ಒಳರಸ್ತೆಗಳಲ್ಲಿ ನಡೆದಿವೆ. ಏಷ್ಯಾ-ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಷಿಪ್ಪಿನ ಭಾರತದ ಸುತ್ತು ಕಾಫಿ ಡೇ ಪ್ರಾಯೋಜಕತ್ವದಲ್ಲಿ ಇಲ್ಲಿಗೆ ಬಂದಿತ್ತು. ಆ ಚಾಂಪಿಯನ್‌ಷಿಪ್ಪನ್ನು 2013ರಲ್ಲಿ ಎಂಆರ್‌ಎಫ್ ತಂಡದ ಸ್ಕೋಡಾ ಫೇಬಿಯಾದಲ್ಲಿ ಗೆದ್ದ ಗೌರವ್ ಗಿಲ್ ಹಾಗೆ ಗೆದ್ದ ಮೊದಲ ಭಾರತೀಯ. ಆ ಫೇಬಿಯಾ ನಾಲ್ಕು ಚಕ್ರ ಎಳೆತದ ಕಾರು. ಅಂಥ ಕಾರುಗಳ ಮುಂದಿನ, ಹಿಂದಿನ ಆಕ್ಸಲುಗಳಲ್ಲಿ ಇರುವುದು ಯಾಂತ್ರಿಕ ಎಲ್‌ಎಸ್‌ಡಿ. ನಂತರ ಬಂದ ಆರ್5 ವರ್ಗದ ಕಾರುಗಳಲ್ಲಂತೂ ನಡುವಿನ ಡಿಫರೆನ್ಷಿಯಲ್ಲೇ ಇಲ್ಲ.

ತೋಟದ ಸ್ಟೇಜುಗಳಲ್ಲಿ ಓಡುವ ಇಂಥ ಕಾರನ್ನು ಕಂಡು ತನ್ನ ದಿನಬಳಕೆಯ ಕಾರಿಗೂ ರ್‍ಯಾಲಿ ಸೆಟ್ಟಿಂಗಿನ ಪ್ಲೇಟ್ ಬಗೆಯನ್ನೇ ಬಯಸುವುದು ಸಹಜ. ಸಡಿಲ ಮಣ್ಣಿನ ಮೇಲೆ ಚಕ್ರಗಳು ಹೇಗೂ ಜಾರುತ್ತಿರುವುದರಿಂದ ಬಿಗಿ ಎಲ್‌ಎಸ್‌ಡಿಯ ಒರಟುತನ ಅಲ್ಲಿ ಮುಚ್ಚಿಹೋಗುತ್ತದೆ. ಡಾಂಬರಿನ ಮೇಲೆ ಅದೆಲ್ಲ ಕೈಗೆ ತಟ್ಟುತ್ತದೆ. ರ್‍ಯಾಲಿ ತಂಡ ಅದನ್ನು ಆಗಾಗ ಬಿಚ್ಚಿ ಪ್ಲೇಟು ಬದಲಿಸುತ್ತದೆ, ಮನೆಯ ಕಾರಿಗೆ ಆ ಆರೈಕೆ ಸಿಗುವುದಿಲ್ಲ. ಮಣ್ಣಿನ ಆಟೋಕ್ರಾಸ್‌ನಲ್ಲಿ ಗಂಭೀರವಾಗಿ ಸ್ಪರ್ಧಿಸುವ, ಅದಕ್ಕೆಂದೇ ಬೇರೆ ಕಾರು ಇಟ್ಟುಕೊಂಡವರಿಗೆ ಮಾತ್ರ ಈ ಸೆಟ್ಟಿಂಗಿನ ಪ್ಲೇಟ್ ಬಗೆ. ಅಂಥವರು ಕೊಳ್ಳುವ ಮೊದಲು ತಮ್ಮ ವರ್ಗದಲ್ಲಿ ಎಲ್‌ಎಸ್‌ಡಿಗೆ ಅನುಮತಿ ಇದೆಯೇ ಎಂದು ದೇಶದ ಮೋಟಾರು ಕ್ರೀಡೆಯ ಆಡಳಿತ ಸಂಸ್ಥೆಯಾದ ಎಫ್‌ಎಂಎಸ್‌ಸಿಐ ನಿಯಮಾವಳಿಯಲ್ಲಿ ನೋಡಿಕೊಳ್ಳಬೇಕು.

ಡಾಂಬರು ಟ್ರ್ಯಾಕಿನ ಓಟಕ್ಕೆ ದಕ್ಷಿಣದಲ್ಲಿ ಹೆಸರಾದವು ಎರಡು: ಕೊಯಮತ್ತೂರಿನ ಚೆಟ್ಟಿಪಾಳಯದ 2.1 ಕಿಲೋಮೀಟರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಬಳಿ ಇರುಂಗಾಟ್ಟುಕೋಟೈಯ 3.7 ಕಿಲೋಮೀಟರಿನ ಟ್ರ್ಯಾಕ್. ಇಲ್ಲಿ ಬ್ರೇಕ್ ಆಧಾರಿತ ವ್ಯವಸ್ಥೆಯ ದೌರ್ಬಲ್ಯ ಬಯಲಾಗುತ್ತದೆ. ಪ್ರತಿ ತಿರುವಿನಿಂದ ಹೊರಬರುವಾಗ ಒಳಚಕ್ರಕ್ಕೆ ಬ್ರೇಕ್ ಬೀಳುತ್ತ ಹೋದರೆ ಕೆಲವೇ ಸುತ್ತುಗಳಲ್ಲಿ ಡಿಸ್ಕು ಕಾಯುತ್ತದೆ, ಪ್ಯಾಡು ಸವೆಯುತ್ತದೆ, ನಿಜವಾಗಿ ನಿಲ್ಲಿಸಬೇಕಾದಾಗ ಪೆಡಲು ಮೆತ್ತಗಾಗುತ್ತದೆ. ಹೆಲಿಕಲ್ ಅಳವಡಿಸಿದ ಕಾರಿನಲ್ಲಿ ಅದೇ ವ್ಯವಸ್ಥೆ ಅಪರೂಪಕ್ಕೆ ಮಾತ್ರ ಎಚ್ಚರಗೊಳ್ಳುತ್ತದೆ. ಒಳಚಕ್ರ ತೀರಾ ಹಗುರಾದ ಗಳಿಗೆಯಲ್ಲಿ ಅದು ಹಾಕುವ ಚೂರು ಬ್ರೇಕನ್ನು ಹೆಲಿಕಲ್ ಗುಣಿಸಿಕೊಳ್ಳುತ್ತದೆ. ಈ ಎರಡರ ಜೋಡಿ ಚೆನ್ನಾಗಿ ಹೊಂದುತ್ತದೆ. ಹೆಚ್ಚು ಪ್ರೀಲೋಡಿನ ಪ್ಲೇಟ್ ಬಗೆಯಾದರೋ ಎರಡು ಚಕ್ರಗಳನ್ನು ಕಟ್ಟಿಹಾಕಿ ಎಬಿಎಸ್, ಇಎಸ್‌ಪಿ ಲೆಕ್ಕವನ್ನು ಕೆಡಿಸಬಹುದು.

ಕಾರ್ಖಾನೆಯಿಂದಲೇ ಇನ್ನೊಂದು ಉತ್ತರವೂ ಬಂದಿದೆ. 2020ರಲ್ಲಿ ಸೀಮಿತ ಸಂಖ್ಯೆಯಲ್ಲಿ ಭಾರತಕ್ಕೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245ರ ಮುಂದಿನ ಆಕ್ಸಲಿನಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಣದ ಕ್ಲಚ್ ಇತ್ತು. ಬೇಕಾದಾಗ ಬಿಗಿದು ಬೇಡವಾದಾಗ ಪೂರ್ತಿ ಬಿಡುವ ಇಂಥ ಏರ್ಪಾಡು ದಿನಬಳಕೆಗೂ ಟ್ರ್ಯಾಕಿಗೂ ಒಪ್ಪುತ್ತದೆ. ಆದರೆ ಇದನ್ನು ಬೇರೆ ಕಾರಿಗೆ ತಂದು ಜೋಡಿಸುವಂತಿಲ್ಲ.

ಜೋಡಣೆ ಮತ್ತು ಆರೈಕೆ

ಮುಂಚಕ್ರ ಎಳೆತದ ಕಾರಿನಲ್ಲಿ ಡಿಫರೆನ್ಷಿಯಲ್ ಗೇರ್‌ಬಾಕ್ಸಿನ ಒಳಗೇ ಇರುತ್ತದೆ. ಎಲ್‌ಎಸ್‌ಡಿ ಹಾಕಿಸಬೇಕೆಂದರೆ ಗೇರ್‌ಬಾಕ್ಸ್ ಇಳಿಸಿ, ಬಿಚ್ಚಿ, ಬೇರಿಂಗಿನ ಬಿಗಿಯನ್ನು ಶಿಮ್ ಹಾಕಿ ಹೊಂದಿಸಬೇಕು. ಕೂಲಿಯ ಸಿಂಹಪಾಲು ಇದಕ್ಕೇ ಹೋಗುವುದರಿಂದ ಕ್ಲಚ್ ಪ್ಲೇಟು ಬದಲಿಸುವ ಸಮಯಕ್ಕೇ ಈ ಕೆಲಸವನ್ನೂ ಇಟ್ಟುಕೊಳ್ಳುವುದು ಜಾಣತನ. ಜೀಪು, ಪಿಕಪ್‌ಗಳ ಹಿಂದಿನ ಆಕ್ಸಲಿನಲ್ಲಿ ಗೇರ್‌ಬಾಕ್ಸ್ ಮುಟ್ಟಬೇಕಿಲ್ಲ, ಆದರೆ ಕ್ರೌನ್ ಮತ್ತು ಪಿನಿಯನ್ ನಡುವಿನ ಸಡಿಲವನ್ನು ಡಯಲ್ ಗೇಜಿನಿಂದ ಅಳೆದು ಕೂರಿಸಬೇಕು. ಅಂದಾಜಿನಲ್ಲಿ ಕೂರಿಸಿದರೆ ಆಕ್ಸಲು ಊಳಿಡತೊಡಗುತ್ತದೆ, ಹಲ್ಲು ಬೇಗ ಹೋಗುತ್ತದೆ.

ಆಯಿಲಿನ ವಿಷಯದಲ್ಲಿ ಮುಂಚಕ್ರ ಎಳೆತದವರಿಗೆ ಹೆಲಿಕಲ್ ಪರವಾದ ಇನ್ನೊಂದು ಕಾರಣ ಸಿಗುತ್ತದೆ. ಗೇರ್‌ಬಾಕ್ಸಿಗೂ ಡಿಫರೆನ್ಷಿಯಲ್ಲಿಗೂ ಒಂದೇ ಆಯಿಲ್. ಪ್ಲೇಟು ಸವೆದ ಪುಡಿ ನೇರವಾಗಿ ಬೇರಿಂಗುಗಳಿಗೂ ಸಿಂಕ್ರೊನೈಸರ್ ಉಂಗುರಗಳಿಗೂ ಹರಿಯುತ್ತದೆ. ಹಿಂದಿನ ಆಕ್ಸಲಿಗೆ ಸರಿಹೊಂದುವ ಜಿಎಲ್-5 ಆಯಿಲನ್ನು ಗೇರ್‌ಬಾಕ್ಸಿಗೆ ಸುರಿದರೆ ಅದರ ಗಂಧಕದ ಸೇರ್ಪಡೆಗಳು ಹಿತ್ತಾಳೆಯ ಸಿಂಕ್ರೊ ಉಂಗುರಗಳಿಗೆ ಹಾನಿ ಮಾಡಬಹುದು. ಕಂಪನಿ ಹೇಳಿದ ದರ್ಜೆಯನ್ನು ಬಿಟ್ಟು ಕದಲಬಾರದು. ಒಂದೇ ಆಕ್ಸಲಿನ ಎರಡು ಟೈರುಗಳು ಒಂದೇ ಅಳತೆ, ಒಂದೇ ಮಟ್ಟದ ಸವೆತದವಾಗಿರಬೇಕು. ಇಲ್ಲದಿದ್ದರೆ ನೇರ ರಸ್ತೆಯಲ್ಲೂ ಎಲ್‌ಎಸ್‌ಡಿ ದುಡಿಯುತ್ತಲೇ ಇದ್ದು ಕಾಯುತ್ತದೆ.

ಪ್ಲೇಟ್ ಬಗೆಯ ಸವೆತವನ್ನು ಬಿಚ್ಚದೆಯೇ ನೋಡಬಹುದು. ಗೇರು ನ್ಯೂಟ್ರಲ್‌ನಲ್ಲಿಟ್ಟು, ನೆಲದ ಮೇಲಿರುವ ಚಕ್ರಗಳಿಗೆ ಅಡೆಗಟ್ಟಿ, ಎಳೆಯುವ ಆಕ್ಸಲಿನ ಒಂದು ಚಕ್ರವನ್ನು ಮಾತ್ರ ಎತ್ತಿ, ಅದನ್ನು ಟಾರ್ಕ್ ರೆಂಚಿನಿಂದ ತಿರುಗಿಸಿದಾಗ ಕದಲುವ ಅಂಕಿಯೇ ಉಳಿದಿರುವ ಪ್ರೀಲೋಡ್. ಹೊಸತಿದ್ದಾಗಿನ ಅಂಕಿಯನ್ನು ಬರೆದಿಟ್ಟುಕೊಂಡರೆ ಹೋಲಿಸಬಹುದು. ಈ ಪರೀಕ್ಷೆ ಮಾಡುವಾಗ ಎಂಜಿನ್ ಕಡ್ಡಾಯವಾಗಿ ಬಂದಾಗಿರಬೇಕು. ಎಲ್‌ಎಸ್‌ಡಿ ಇರುವ ಆಕ್ಸಲಿನ ಒಂದೇ ಚಕ್ರ ಎತ್ತಿ ಎಂಜಿನ್ ಚಾಲೂ ಮಾಡಿ ಗೇರು ಹಾಕಿದರೆ, ನೆಲದ ಮೇಲಿನ ಚಕ್ರ ಎಳೆದು ವಾಹನ ಜಾಕಿನಿಂದ ಜಿಗಿಯುತ್ತದೆ. ಓಪನ್ ಡಿಫರೆನ್ಷಿಯಲ್ಲಿನ ವಾಹನಗಳಲ್ಲೇ ಪಳಗಿದ ಗ್ಯಾರೇಜಿನವರಿಗೆ ಇದು ಹೊಳೆಯದಿರಬಹುದು. ಕೀಲಿ ಕೊಡುವಾಗಲೇ ಕಾರಿನಲ್ಲಿ ಎಲ್‌ಎಸ್‌ಡಿ ಇದೆ ಎಂದು ಅವರಿಗೆ ತಿಳಿಸಬೇಕು.