ಮಾಸಿದ ಗಾಜು ಕಲಿಸಿದ ಪಾಠ

ಥಳಥಳಿಸುವ ಗಾಜೇ ಒಳ್ಳೆಯ ಗಾಜೆಂಬುದು ನಮ್ಮೆಲ್ಲರ ನಂಬಿಕೆ. ಕ್ಯಾಮೆರಾದ ಮಸೂರದ ಮಟ್ಟಿಗೆ ಈ ನಂಬಿಕೆ ನಿಲ್ಲದು. ಹೊಳಪೆಂದರೆ ಗಾಜು ಹಿಂದಕ್ಕೆ ಕಳುಹಿಸಿದ ಬೆಳಕು. ಹಿಂದಿರುಗಿದುದು ಒಳಗೆ ಬರಲಿಲ್ಲವೆಂದೇ ಅರ್ಥ. ಗಾಳಿಯೂ ಗಾಜೂ ಕೂಡುವ ಪ್ರತಿಯೊಂದು ಮೈಯಲ್ಲಿಯೂ ನೂರಕ್ಕೆ ಸುಮಾರು 4 ಪಾಲು ಬೆಳಕು ಹೀಗೆ ಹಿಂದಿರುಗುತ್ತದೆ.

ಜರ್ಮನಿಯ ಯೇನಾ ನಗರದ ಜೈಸ್ ಕಾರ್ಖಾನೆಯಲ್ಲಿ ಪಾಲ್ ರುಡಾಲ್ಫರು 1896ರಲ್ಲಿ ರಚಿಸಿದ ಪ್ಲಾನಾರ್ ಮಸೂರಕ್ಕೆ ಇಂಥ 8 ಮೈಗಳಿದ್ದವು. ಕಾಲುಭಾಗಕ್ಕೂ ಮಿಕ್ಕ ಬೆಳಕು ನಷ್ಟವಾಗುತ್ತಿತ್ತು. ಅದಕ್ಕಿಂತ ದೊಡ್ಡ ಕೇಡೆಂದರೆ, ಮೈಯಿಂದ ಮೈಗೆ ಪುಟಿದ ಬೆಳಕು ಚಿತ್ರದ ಮೇಲೆ ಮಂಜಿನ ತೆರೆಯಂತೆ ಹರಡುತ್ತಿತ್ತು. ಆದುದರಿಂದ ಆ ಉತ್ತಮ ರಚನೆ ಮೂಲೆಗುಂಪಾಗಿ, 1902ರಲ್ಲಿ ಬಂದ 6 ಮೈಗಳ ಟೆಸ್ಸಾರ್ ಹೆಸರು ಗಳಿಸಿತು.

ಇದಕ್ಕೆ ಮದ್ದು ಆಗಲೇ ಒಬ್ಬರ ಕಣ್ಣಿಗೆ ಬಿದ್ದಿತ್ತು. ಇಂಗ್ಲೆಂಡಿನ ಯಾರ್ಕ್ ನಗರದ ಕುಕ್ ಕಾರ್ಖಾನೆಯ ಡೆನ್ನಿಸ್ ಟೇಲರರು 1892ರಲ್ಲಿ, ವರ್ಷಗಳ ಗಾಳಿಗೆ ಮಾಸಿದ ಮಸೂರವನ್ನು ಕೆಟ್ಟಿತೆಂದು ಕೈಬಿಡದೆ ಪರೀಕ್ಷಿಸಿದರು. ಹೊಸ ಗಾಜಿಗಿಂತ ಮಾಸಿದ ಗಾಜೇ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತಿತ್ತು! ರಾಸಾಯನಿಕಗಳಿಂದ ಬೇಕೆಂದೇ ಗಾಜನ್ನು ಮಾಸಿಸುವ ವಿಧಾನಕ್ಕೆ ಅವರು 1904ರಲ್ಲಿ ಪೇಟೆಂಟ್ ಪಡೆದರು. ಆದರೆ ಎಲ್ಲ ಬಗೆಯ ಗಾಜೂ ಒಂದೇ ಸಮನೆ ಮಾಸಲಿಲ್ಲ. ಉಪಾಯ ಬಳಕೆಗೆ ಒಗ್ಗಲಿಲ್ಲ.

ತೊಡಕು ಬಿಡಿಸಿದವರು ಅದೇ ಜೈಸ್ ಕಾರ್ಖಾನೆಯ ಅಲೆಕ್ಸಾಂಡರ್ ಸ್ಮಾಕುಲಾ. ಗಾಳಿ ತೆಗೆದ ಪಾತ್ರೆಯಲ್ಲಿ ಫ್ಲೋರೈಡ್ ಲವಣವನ್ನು ಕಾಯಿಸಿ, ಅದರ ಆವಿಯನ್ನು ಗಾಜಿನ ಮೇಲೆ ತೆಳುವಾಗಿ ಕೂರಿಸುವ ಕ್ರಮವನ್ನು ಅವರು 1935ರಲ್ಲಿ ಸಾಧಿಸಿದರು. ಲೇಪದ ದಪ್ಪ ಮಿಲಿಮೀಟರಿನ ಹತ್ತುಸಾವಿರದಲ್ಲೊಂದು ಪಾಲಿನಷ್ಟು; ಅಂದರೆ ಲೇಪದೊಳಗೆ ಬೆಳಕಿನ ಅಲೆಯುದ್ದ ಎಷ್ಟೋ ಅದರ ಕಾಲುಭಾಗ. ಆಗ ಲೇಪದ ಮೇಲಿನಿಂದ ಮರಳುವ ಅಲೆಯ ಏರಿಗೆ ತಳದಿಂದ ಮರಳುವ ಅಲೆಯ ಇಳಿತ ಎದುರಾಗಿ, ಎರಡೂ ಬಹುಮಟ್ಟಿಗೆ ಅಳಿಯುತ್ತವೆ. ಹಿಂದಿರುಗಬೇಕಾಗಿದ್ದ ಬೆಳಕು ಮುಂದಕ್ಕೆ ಸಾಗುತ್ತದೆ.

ಜರ್ಮನಿ ಈ ವಿದ್ಯೆಯನ್ನು ಸೈನ್ಯದ ಗುಟ್ಟಾಗಿ ಬಚ್ಚಿಟ್ಟಿತು. ಆದರೆ ಅಮೆರಿಕದ ಜಾನ್ ಸ್ಟ್ರಾಂಗರು 1936ರಲ್ಲಿ ಸ್ವತಂತ್ರವಾಗಿ ಇದೇ ದಾರಿಯನ್ನು ಕಂಡು ಪ್ರಕಟಿಸಿಬಿಟ್ಟರು. ನಿಸರ್ಗದ ನಿಯಮಕ್ಕೆ ಬೀಗ ಹಾಕುವುದು ಯಾರಿಂದಾದೀತು? 1945ರಲ್ಲಿ ಯುದ್ಧ ಮುಗಿದ ಮೇಲೆ ಲೇಪ ಜನಸಾಮಾನ್ಯರ ಕ್ಯಾಮೆರಾಕ್ಕೂ ಬಂದಿತು. 1950ರ ದಶಕದಲ್ಲಿ ರೋಲೈಫ್ಲೆಕ್ಸ್ ಕ್ಯಾಮೆರಾಗಳಲ್ಲಿ ಪ್ಲಾನಾರ್ ಮರುಹುಟ್ಟು ಪಡೆಯಿತು.

ವಾಚಕರ ಮನೆಯಲ್ಲಿ ಆ ಕಾಲದ ಕ್ಯಾಮೆರಾ ಇದ್ದರೆ ಅದರ ಮಸೂರವನ್ನು ಓರೆಯಾಗಿ ಹಿಡಿದು ನೋಡಬೇಕು. ನೇರಳೆ ಛಾಯೆ ಕಂಡರೆ ಕೊಳೆಯೆಂದು ಬಗೆದು ಬಟ್ಟೆಯಿಂದ ತಿಕ್ಕಬಾರದು. ಮೊದಮೊದಲಿನ ಲೇಪ ಬಲು ಮೃದು; ತಿಕ್ಕಿದರೆ ಕಿತ್ತುಹೋದೀತು. ಆಮೇಲೆ ಗಾಜೇನೋ ಹೊಳೆದೀತು, ಚಿತ್ರ ಮಂಕಾದೀತು.